ರೇಷ್ಮೆಹುಳು ಸಾಕಣೆಯ ಕಿಟ್: ಹುಳು ಪೆಟ್ಟಿಗೆಯಲ್ಲಿದೆ, ಸೊಪ್ಪು ಎಲ್ಲಿದೆ?

ರೇಷ್ಮೆಹುಳುವಿನ ಬದುಕನ್ನು ಮೊಟ್ಟೆಯಿಂದ ಪತಂಗದವರೆಗೆ ಮನೆಯಲ್ಲೋ ತರಗತಿಯಲ್ಲೋ ಕಣ್ಣಾರೆ ನೋಡಬಹುದು ಎಂದು ಹೇಳಿ ಮಾರುವ ಈ ಕಿಟ್ಟಿನ ಮುಚ್ಚಳದ ಮೇಲೆ ‘ಬೇಕಾದದ್ದೆಲ್ಲ ಇದರಲ್ಲೇ ಇದೆ’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿದೆ. ಪೆಟ್ಟಿಗೆ ತೆರೆದರೆ ಮೊಟ್ಟೆಗಳನ್ನು ಅಂಟಿಸಿದ ಹಾಳೆ, ಮುಚ್ಚಳವಿರುವ ಪ್ಲಾಸ್ಟಿಕ್ ತಟ್ಟೆ, ಕೃತಕ ಆಹಾರದ ಪುಡಿಯ ಪೊಟ್ಟಣ, ಮೃದುವಾದ ಕುಂಚ, ಹಾಸಿಗೆ ಬದಲಿಸಲು ಬಲೆ, ಗೂಡು ಕಟ್ಟಲು ರಟ್ಟಿನ ಚಂದ್ರಿಕೆ, ನೂಲು ಸುತ್ತಲು ಪುಟ್ಟ ರಾಟೆ, ಭೂತಗನ್ನಡಿ ಮತ್ತು ಒಂದು ಕೈಪಿಡಿ ಸಿಗುತ್ತವೆ. ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿದರೆ ತಯಾರಕರು ಹುಳುವನ್ನು ಬಲ್ಲವರೇ ಎಂದು ತಿಳಿಯುತ್ತದೆ. ಆದರೆ ಹಿಪ್ಪುನೇರಳೆ ಬಿಟ್ಟು ಬೇರೇನನ್ನೂ ತಿಂದು ಬಾಳದ ಜೀವಿಯನ್ನು ಮಾರುವವರು, ಆ ಗಿಡದ ವಿಷಯವನ್ನು ಕೈಪಿಡಿಯ ನಡುವೆ ಎಲ್ಲೋ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಮುಗಿಸಿಬಿಟ್ಟಿದ್ದಾರೆ. ಈ ಕಿಟ್ಟಿನ ಗುಣದೋಷಗಳೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತವೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಅಚ್ಚಿನ ಕಿಟ್‌ಗಳನ್ನು ಹಲವರು ಮಾರುತ್ತಾರೆ, ಮುಂದಿನ ಮಾತುಗಳು ಹೆಚ್ಚುಕಡಿಮೆ ಎಲ್ಲಕ್ಕೂ ಹೊಂದುತ್ತವೆ.

ಮೊದಲು ಮೊಟ್ಟೆಯ ಹಾಳೆ. ಇದು ಕಿಟ್ಟಿನ ಅತ್ಯುತ್ತಮ ಭಾಗ. ಗಸಗಸೆ ಕಾಳಿನಷ್ಟಿರುವ, ಸುಮಾರು 1 ಮಿಲಿಮೀಟರ್ ಅಗಲದ ಮೊಟ್ಟೆಗಳು ಒಂದರ ಮೇಲೊಂದು ಏರದೆ ಒಂದೇ ಪದರದಲ್ಲಿ ಅಂಟಿಕೊಂಡಿವೆ. ಒಣಗಿ ಚಪ್ಪಟೆಯಾದವು, ಬಣ್ಣ ತಿರುಗದೆ ಹಳದಿಯಾಗಿಯೇ ಉಳಿದ ಜೊಳ್ಳು ಮೊಟ್ಟೆಗಳು ಹುಡುಕಿದರೂ ಕೆಲವೇ ಸಿಗುತ್ತವೆ. ಹಾಳೆಯ ಹಿಂಬದಿಯಲ್ಲಿ ‘ತಾಯಿ ಪತಂಗವನ್ನು ಪರೀಕ್ಷಿಸಿದೆ’ ಎಂಬ ಮುದ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗಂಟುರೋಗ ಫ್ರಾನ್ಸಿನ ರೇಷ್ಮೆ ಸಾಕಣೆಯನ್ನು ನೆಲಕಚ್ಚಿಸಿದಾಗ, 1865ರಿಂದ ಕೆಲವು ವರ್ಷ ಆ ಕೆಲಸಕ್ಕೆ ಕೂತ ಲೂಯಿ ಪ್ಯಾಶ್ಚರ್ ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ ಎಂಬುದನ್ನು ತೋರಿಸಿ, ಮೊಟ್ಟೆಯಿಟ್ಟ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡಿ, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಹಾಕುವ ಕ್ರಮವನ್ನು ಬಳಕೆಗೆ ತಂದರು. ಇಂದಿಗೂ ರೋಗರಹಿತ ಮೊಟ್ಟೆ ಎಂದರೆ ತಾಯಿಯನ್ನು ಹೀಗೆ ಪರೀಕ್ಷಿಸಿ ತೆಗೆದ ಮೊಟ್ಟೆ ಎಂದೇ ಅರ್ಥ. ಆಟಿಕೆಯಂತೆ ಮಾರುವ ವಸ್ತುವಿನಲ್ಲಿಯೂ ಈ ಶಿಸ್ತನ್ನು ಬಿಡದಿರುವುದು ಮೆಚ್ಚಬೇಕಾದ ಸಂಗತಿ.

ಆದರೆ ಹಾಳೆಯ ಜೊತೆಗಿರುವ ಸೂಚನೆ ಅರೆಬರೆಯಾಗಿದೆ. ‘ನಿಮಗೆ ಅನುಕೂಲವಾಗುವವರೆಗೆ ಫ್ರಿಜ್ಜಿನಲ್ಲಿಡಿ’ ಎಂದಷ್ಟೇ ಬರೆದಿದ್ದಾರೆ. ಮೊಟ್ಟೆಯ ಯಾವ ಹಂತದಲ್ಲಿ ತಣ್ಣಗಿಡಬಹುದು, ಯಾವ ಹಂತದಲ್ಲಿ ಇಡಬಾರದು ಎಂಬುದು ಅದರ ಬಣ್ಣ ನೋಡಿ ತಿಳಿಯಬೇಕಾದ ಮಾತು. ಒಳಗಿನ ಮರಿ ಬೆಳೆದು ಮೊದಲು ಒಂದು ಕಪ್ಪು ಚುಕ್ಕೆ ಕಾಣಿಸುತ್ತದೆ, ಆಮೇಲೆ ಇಡೀ ಮೊಟ್ಟೆ ನೀಲಿಗಟ್ಟುತ್ತದೆ, ಅದಾದ ಒಂದೆರಡು ದಿನದಲ್ಲಿ ಮರಿ ಹೊರಬರುತ್ತದೆ. ನೀಲಿಗಟ್ಟಿದ ಮೊಟ್ಟೆಯನ್ನು ಬಹಳ ದಿನ ತಣ್ಣಗಿಟ್ಟರೆ ಹೊರಬರುವ ಮರಿಗಳ ಸಂಖ್ಯೆ ಕುಸಿಯುತ್ತದೆ. ಬಂದವೂ ಒಂದೇ ದಿನ ಬರದೆ ಹಿಂದುಮುಂದಾಗಿ ಬರುತ್ತವೆ. ಹಿಂದುಮುಂದಾದ ಹುಳುಗಳನ್ನು ಒಂದೇ ತಟ್ಟೆಯಲ್ಲಿ ಸಾಕುವುದು ಎಷ್ಟು ತಾಪತ್ರಯ ಎಂಬುದು ಮುಂದೆ ಜ್ವರದ, ಅಂದರೆ ಹುಳು ಪೊರೆ ಬಿಡುವ, ಸಮಯದಲ್ಲಿ ಗೊತ್ತಾಗುತ್ತದೆ.

ಸುಮಾರು 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಗಾಳಿಯಲ್ಲಿ ತೇವವಿದ್ದರೆ, ಮರಿಗಳು ಬೆಳಗಿನ ಹೊತ್ತು ಒಟ್ಟಾಗಿ ಹೊರಬರುತ್ತವೆ. ಕಿಟ್ಟಿನ ಭೂತಗನ್ನಡಿ ಸಾಧಾರಣದ್ದು, ಆದರೆ ಈ ಹೊತ್ತಿಗೆ ಅಷ್ಟು ಸಾಕು. 3 ಮಿಲಿಮೀಟರ್ ಉದ್ದದ, ಕಪ್ಪು ಕೂದಲಿನ ಮರಿ ಮೊಟ್ಟೆಯ ಒಂದು ಬದಿಯನ್ನು ಕಡಿದು ತೂತು ಮಾಡಿಕೊಂಡು ತಲೆ ಹೊರಹಾಕಿ, ಸ್ವಲ್ಪ ಹೊತ್ತು ಹಾಗೆಯೇ ಇದ್ದು, ಆಮೇಲೆ ಮೈಯನ್ನು ಎಳೆದುಕೊಳ್ಳುತ್ತದೆ. ಹಿಂದೆ ಉಳಿದ ಚಿಪ್ಪು ಬೆಳ್ಳಗೆ, ಪಾರದರ್ಶಕವಾಗಿ ಕಾಣುತ್ತದೆ. ಈ ಮರಿಗಳನ್ನು ಬೆರಳಿನಿಂದ ಮುಟ್ಟಬಾರದು. ಕಿಟ್ಟಿನ ಕುಂಚ ನಿಜಕ್ಕೂ ಮೃದುವಾಗಿದೆ, ಎಳೆಯ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಹಾಳೆಯ ಮೇಲೆ ಉದುರಿಸಿದರೆ ಕುಂಚದ ಕೆಲಸವೂ ಬಹುಪಾಲು ಉಳಿಯುತ್ತದೆ, ಮರಿಗಳೇ ಸೊಪ್ಪಿನ ಮೇಲೆ ಏರುತ್ತವೆ.

ಇಲ್ಲಿಂದ ಆಹಾರದ ಮಾತು. ಪೊಟ್ಟಣದಲ್ಲಿರುವ ಕಂದುಹಸಿರು ಪುಡಿ ಹೊಸ ಕಲ್ಪನೆಯೇನಲ್ಲ. ಒಣಗಿಸಿ ಪುಡಿಮಾಡಿದ ಹಿಪ್ಪುನೇರಳೆ ಸೊಪ್ಪು, ಎಣ್ಣೆ ತೆಗೆದ ಸೋಯಾ ಹಿಟ್ಟು, ಪಿಷ್ಟ, ಜೀವಸತ್ವಗಳು ಮತ್ತು ಗಟ್ಟಿಯಾಗಲು ಅಗರ್ ಬೆರೆಸಿದ ಇಂಥ ಆಹಾರವನ್ನು ಜಪಾನಿನ ಸಂಶೋಧಕರು 1960ರ ಹೊತ್ತಿಗೇ ಸಿದ್ಧಪಡಿಸಿ, ಅದರ ಮೇಲೆಯೇ ಹುಳುವನ್ನು ಗೂಡಿನವರೆಗೆ ಬೆಳೆಸಿ ತೋರಿಸಿದ್ದರು. ಗಮನಿಸಬೇಕಾದದ್ದು ಎಂದರೆ ಗಿಡಕ್ಕೆ ಬದಲಾಗಿ ಕೊಡುವ ಈ ಆಹಾರದಲ್ಲಿಯೂ ಆ ಗಿಡದ ಸೊಪ್ಪೇ ಇದೆ. ಪುಡಿಯನ್ನು ನೀರಿನಲ್ಲಿ ಕಲಸಿ, ಬೇಯಿಸಿ, ಆರಿಸಿ, ಹೋಳು ಮಾಡಿ ಕೊಟ್ಟರೆ ಹೊಸದಾಗಿ ಹುಟ್ಟಿದ ಮರಿಗಳು ತಿನ್ನುತ್ತವೆ, ಆದರೆ ಸೊಪ್ಪಿನ ಮೇಲಿರುವಷ್ಟು ಚುರುಕಾಗಿ ಅಲ್ಲ. ಹೋಳಿನ ಮೇಲೆ ತುಪ್ಪುಳಿನಂಥ ಬೂಸ್ಟು ಬರದಂತೆ ಕಾಯುವುದೇ ಒಂದು ಕೆಲಸ. ಕೈ, ಚಾಕು, ತಟ್ಟೆ ಎಲ್ಲವೂ ಶುದ್ಧವಾಗಿರಬೇಕು. ಮಕ್ಕಳ ಕೈಗೆ ಕೊಡುವ ಕಿಟ್ಟಿನಲ್ಲಿ ಇದನ್ನು ನಿರೀಕ್ಷಿಸುವುದು ಸ್ವಲ್ಪ ದುರಾಸೆ.

ಅದಕ್ಕಿಂತ ದೊಡ್ಡ ತೊಡಕು ಕೈಪಿಡಿಯ ಸಲಹೆಯಲ್ಲಿದೆ. ‘ಸೊಪ್ಪು ಸಿಕ್ಕ ದಿನ ಸೊಪ್ಪು, ಸಿಗದ ದಿನ ಪುಡಿ’ ಎಂದು ಅದು ಹೇಳುತ್ತದೆ. ಕೃತಕ ಆಹಾರದಲ್ಲಿ ಬೆಳೆದ ಹುಳು ಸೊಪ್ಪು ಕಂಡರೆ ಕೂಡಲೇ ಅದಕ್ಕೆ ಬಾಯಿ ಹಾಕುತ್ತದೆ. ಸೊಪ್ಪಿನ ರುಚಿ ಕಂಡ ಹುಳು ಮಾತ್ರ ಹೋಳಿನ ಕಡೆಗೆ ತಿರುಗಲು ಬಹಳ ಮಟ್ಟಿಗೆ ಒಲ್ಲೆ ಎನ್ನುತ್ತದೆ, ಹೋಳಿನ ಪಕ್ಕದಲ್ಲೇ ತಲೆಯೆತ್ತಿ ಅತ್ತಿತ್ತ ಹುಡುಕುತ್ತ ಹಸಿದಿರುತ್ತದೆ. ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಬದಲಿಸುವುದಾದರೆ ಪುಡಿಯಿಂದ ಸೊಪ್ಪಿಗೆ ಮಾತ್ರ ಬದಲಿಸಬೇಕು. ಇದನ್ನು ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ‘ತುರ್ತಿಗೆ ಲೆಟ್ಯೂಸ್ ಎಲೆ ಕೊಡಿ’ ಎಂಬ ಮುಂದಿನ ವಾಕ್ಯವನ್ನಂತೂ ಮುಂದಿನ ಮುದ್ರಣದಲ್ಲಿ ತೆಗೆದೇಬಿಡುವುದು ಒಳ್ಳೆಯದು. ಹುಳು ಲೆಟ್ಯೂಸನ್ನು ಒಂದಿಷ್ಟು ಕಡಿಯುತ್ತದೆ ಎಂಬುದು ನಿಜ. ಅದರಿಂದ ಮೈ ಬೆಳೆಯುವುದಿಲ್ಲ, ಗೂಡಿಗೆ ಬೇಕಾದ ರೇಷ್ಮೆಯೂ ಕೂಡಿಬರುವುದಿಲ್ಲ.

ಈ ಹಟ ಎಲ್ಲಿಂದ ಬಂತು ಎಂಬುದನ್ನು ಕೈಪಿಡಿ ಒಂದು ಪುಟದಲ್ಲಾದರೂ ಹೇಳಿದ್ದರೆ ಕಿಟ್ಟಿನ ಬೆಲೆಗೆ ಅರ್ಥ ಬರುತ್ತಿತ್ತು, ಏಕೆಂದರೆ ರೇಷ್ಮೆಹುಳುವಿನ ಬಗ್ಗೆ ತಿಳಿದಿರುವ ವಿಷಯಗಳಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಇದೇ. ಜಪಾನಿನ ಯಾಸುಜಿ ಹಮಾಮುರಾ ಮತ್ತು ಅವರ ಸಂಗಡಿಗರು 1960ರ ದಶಕದ ಆರಂಭದ ಹೊತ್ತಿಗೆ ಹಿಪ್ಪುನೇರಳೆಯ ಎಲೆಯಿಂದ ಒಂದೊಂದೇ ರಾಸಾಯನಿಕವನ್ನು ಬೇರ್ಪಡಿಸಿ, ಹುಳುವಿನ ಊಟದಲ್ಲಿ ಮೂರು ಮೆಟ್ಟಿಲುಗಳಿವೆ ಎಂದು ತೋರಿಸಿದರು. ಸಿಟ್ರಾಲ್, ಲಿನಲೂಲ್‌ನಂಥ ಸುವಾಸನೆಯ ವಸ್ತುಗಳು ಅದನ್ನು ಎಲೆಯ ಕಡೆಗೆ ಕರೆಯುತ್ತವೆ. ಬೀಟಾ ಸಿಟೋಸ್ಟೆರಾಲ್ ಮತ್ತು ಐಸೋಕ್ವೆರ್ಸಿಟ್ರಿನ್‌ನಂಥವು ಕಡಿಯುವಂತೆ ಮಾಡುತ್ತವೆ. ಕಡಿದದ್ದನ್ನು ಬಿಡದೆ ನುಂಗುತ್ತ ಹೋಗಲು ಸೆಲ್ಯುಲೋಸ್ ಬೇಕು. ಕರೆಯುವ ವಾಸನೆ ಬೇರೆ ಗಿಡಗಳಲ್ಲಿಯೂ ಇರಬಹುದು, ಆದರೆ ಮೂರೂ ಕೂಡಿಬಂದು, ಮೇಲೆ ಬೇಡವೆನ್ನಿಸುವ ಕಹಿಯೂ ಇಲ್ಲದಿರುವ ಎಲೆ ಸಿಗುವುದು ಅಪರೂಪ. ಆ ಕಹಿಯ ವಿಷಯದಲ್ಲಿ 2019ರಲ್ಲಿ ಚೀನಾದ ಸಂಶೋಧಕರು ಇನ್ನೊಂದು ಬಾಗಿಲು ತೆರೆದರು. ಹುಳುವಿನ ಬಾಯಿಯ ಭಾಗದಲ್ಲಿ ಕಹಿಯನ್ನು ಗುರುತಿಸುವ ಜಿಆರ್66 ಎಂಬ ಒಂದೇ ಒಂದು ಜೀನನ್ನು ಕೆಡಿಸಿದಾಗ, ಅಂಥ ಹುಳುಗಳು ಸೇಬು, ಸೋಯಾ, ಮೆಕ್ಕೆಜೋಳಗಳನ್ನೂ ತಿನ್ನತೊಡಗಿದವು. ಅಂದರೆ ಹಿಪ್ಪುನೇರಳೆಯ ಮೇಲಿನ ಆಸೆಯಷ್ಟೇ ಅಲ್ಲ, ಉಳಿದೆಲ್ಲದರ ಮೇಲಿನ ಅಸಹ್ಯವೂ ಈ ಹುಳುವನ್ನು ಒಂದೇ ಗಿಡಕ್ಕೆ ಕಟ್ಟಿಹಾಕಿದೆ.

ಗಿಡದ ಕಡೆಯಿಂದ ನೋಡಿದರೆ ಕಥೆ ಮತ್ತೂ ಬಿಗಿಯಾಗುತ್ತದೆ. ಹಿಪ್ಪುನೇರಳೆಯ ಎಲೆಯ ತೊಟ್ಟು ಮುರಿದರೆ ಒಸರುವ ಬಿಳಿಯ ಹಾಲಿನಲ್ಲಿ ಸಕ್ಕರೆಯ ರೂಪವನ್ನೇ ಹೋಲುವ ಆಲ್ಕಲಾಯ್ಡ್ ಎಂಬ ವಸ್ತುಗಳಿವೆ, ಅವು ಸಕ್ಕರೆಯನ್ನು ಅರಗಿಸುವ ಕಿಣ್ವಗಳನ್ನು ತಡೆಯುತ್ತವೆ. 2006ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ, ಹಿಪ್ಪುನೇರಳೆ ಸೊಪ್ಪು ತಿಂದ, ಬೇರೆ ಜಾತಿಯ ಎರಿ ರೇಷ್ಮೆಹುಳುಗಳು ಸತ್ತವು. ಅದೇ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಹಾಲನ್ನು ತೊಳೆದು ಕೊಟ್ಟಾಗ ಬೆಳೆದವು. ನಮ್ಮ ಹಿಪ್ಪುನೇರಳೆ ರೇಷ್ಮೆಹುಳು ಆ ವಿಷಕ್ಕೆ ಬಗ್ಗದ ಕಿಣ್ವವನ್ನು ಇಟ್ಟುಕೊಂಡಿದೆ, ಅದರ ಜೀನ್ ಮೂಲದಲ್ಲಿ ಬ್ಯಾಕ್ಟೀರಿಯಾದಿಂದ ಬಂದದ್ದು. ಬೇರೆ ಹುಳುಗಳಿಗೆ ಬಾಗಿಲು ಹಾಕಿದ ಮನೆಯಲ್ಲಿ ಇದೊಂದಕ್ಕೆ ಕೀಲಿಕೈ ಸಿಕ್ಕಿದೆ. ಇಷ್ಟನ್ನು ತಿಳಿದ ಮಗು ತೊಟ್ಟು ಮುರಿದು ಹಾಲು ನೋಡುವಾಗ ನೋಟವೇ ಬೇರೆಯಾಗಿರುತ್ತದೆ. ಕೈಪಿಡಿಯಲ್ಲಿ ಆ ಜಾಗದಲ್ಲಿ ಬಣ್ಣ ತುಂಬುವ ಚಿತ್ರವಿದೆ.

ಈಗ ಲೆಕ್ಕ. ಒಂದು ಹುಳು ಹುಟ್ಟಿನಿಂದ ಗೂಡಿನವರೆಗೆ ಸುಮಾರು 20ರಿಂದ 25 ಗ್ರಾಂ ಹಸಿ ಸೊಪ್ಪು ತಿನ್ನುತ್ತದೆ. ಹೇಳಲು ಅಲ್ಪವೇ. ಆದರೆ ಅದು ದಿನದಿನಕ್ಕೆ ಸಮನಾಗಿ ಹಂಚಿಲ್ಲ. ಹುಳುವಿನ ಬದುಕಿನಲ್ಲಿ ಐದು ಹಂತಗಳಿದ್ದು, ಮೊದಲ ಮೂರು ಹಂತಗಳಲ್ಲಿ ಒಟ್ಟು ಸೊಪ್ಪಿನ ಹತ್ತನೆಯ ಒಂದು ಪಾಲೂ ಮುಗಿಯುವುದಿಲ್ಲ, ಸುಮಾರು ಒಂದು ವಾರದ ಕೊನೆಯ ಹಂತವೊಂದೇ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ತಿಂದುಹಾಕುತ್ತದೆ. ಹುಟ್ಟುವಾಗ ಅರ್ಧ ಮಿಲಿಗ್ರಾಂ ಕೂಡ ತೂಗದ ಜೀವಿ ನಾಲ್ಕು ವಾರಗಳೊಳಗೆ ಸುಮಾರು ಹತ್ತು ಸಾವಿರ ಪಟ್ಟು ತೂಗುವಂತಾಗುವುದು ಹೀಗೆ. ಕಿಟ್ಟಿನ ಹಾಳೆಯಲ್ಲಿ ನೂರಕ್ಕೆ ಕಡಿಮೆಯಿಲ್ಲದ ಮೊಟ್ಟೆಗಳಿರುತ್ತವೆ. ನೂರು ಹುಳುಗಳಿಗೆ ಎರಡು ಎರಡೂವರೆ ಕಿಲೋ ಸೊಪ್ಪು ಬೇಕು, ಅದರಲ್ಲಿ ಎರಡು ಕಿಲೋದಷ್ಟು ಒಂದೇ ವಾರದಲ್ಲಿ, ಅದೂ ದಿನವೂ ಹೊಸದಾಗಿ ಕೊಯ್ದದ್ದು. ಪೊಟ್ಟಣದ ಪುಡಿ ಈ ಸಂಖ್ಯೆಯ ಹುಳುಗಳಿಗೆ ನಾಲ್ಕನೆಯ ಹಂತ ದಾಟಿಸಲೂ ಸಾಲದು. ಎರಡು ವಾರ ಎಲ್ಲವೂ ಸುಸೂತ್ರವಾಗಿ ನಡೆದು, ಇನ್ನೇನು ಹುಳು ದೊಡ್ಡದಾಯಿತು ಎನ್ನುವಾಗ ಕೈ ಖಾಲಿಯಾಗುವಂತೆ ಈ ಪೆಟ್ಟಿಗೆಯನ್ನು ರೂಪಿಸಲಾಗಿದೆ. ಬೇಕೆಂದೇ ಹೀಗೆ ಮಾಡಿದ್ದಾರೆ ಎನ್ನುವುದಿಲ್ಲ. ಆದರೆ ಹೆಚ್ಚುವರಿ ಪುಡಿಯನ್ನು ಬೇರೆಯಾಗಿ ಮಾರುತ್ತಾರೆ ಎಂಬುದನ್ನು ಓದುಗರು ಗಮನಿಸಲಿ.

ಆದ್ದರಿಂದ ನಡೆದು ಹೋಗುವಷ್ಟು ದೂರದಲ್ಲಿ ಹಿಪ್ಪುನೇರಳೆ ಇಲ್ಲದವರು ಇದನ್ನು ಕೊಳ್ಳುವುದು ಬೇಡ. ಇದ್ದವರೂ ಎಲ್ಲ ಮೊಟ್ಟೆಗಳನ್ನು ಒಡೆಯಲು ಬಿಡದೆ, ಹಾಳೆಯನ್ನು ಕತ್ತರಿಸಿ ಇಪ್ಪತ್ತು ಮೂವತ್ತು ಹುಳುಗಳಿಗೆ ನಿಲ್ಲಿಸಿಕೊಂಡರೆ ನೋಡುವ ಸುಖಕ್ಕೆ ಕೊರತೆಯಾಗದು. ಚಳಿಯ ಪ್ರದೇಶಗಳಲ್ಲಿ ಈ ಗಿಡ ಎಲೆ ಉದುರಿಸಿ ಬರಿದಾಗುತ್ತದೆ, ಚಿಗುರು ಬಂದ ಮೇಲೆಯೇ ಕಿಟ್ ತರಿಸಬೇಕು. ಎಳೆಯ ಹುಳುವಿಗೆ ರೆಂಬೆಯ ತುದಿಯ ಹೊಳಪಿನ ಎಲೆಗಳು, ಬೆಳೆದ ಹುಳುವಿಗೆ ಕೆಳಗಿನ ಬಲಿತ ಎಲೆಗಳು, ಬಿಸಿಲೇರುವ ಮೊದಲೇ ಕೊಯ್ದು ಒದ್ದೆಬಟ್ಟೆಯಲ್ಲಿ ಸುತ್ತಿಟ್ಟವು ಆಗಬೇಕು. ನೀರು ಸೋರುವ ಎಲೆಯನ್ನು ಹಾಗೆಯೇ ಹಾಕಬಾರದು. ಕೀಟನಾಶಕ ಸಿಂಪಡಿಸಿದ ಗಿಡದ ಹತ್ತಿರದ ಸೊಪ್ಪು, ತಂಬಾಕಿನ ಹೊಗೆ, ಸೊಳ್ಳೆಬತ್ತಿ ಇವು ಮೂರೂ ಹುಳುವಿಗೆ ವಿಷ. ಸೊಳ್ಳೆಬತ್ತಿಯ ಬಗ್ಗೆ ಕೈಪಿಡಿಯಲ್ಲಿ ಒಂದು ಶಬ್ದವೂ ಇಲ್ಲ.

ತಟ್ಟೆ ಚಾಕಿ ಹಂತಕ್ಕೆ, ಅಂದರೆ ಮೊದಲ ಎರಡು ಹಂತಗಳಿಗೆ, ಬಹಳ ಚೆನ್ನಾಗಿದೆ. ಆಗ 27–28 ಡಿಗ್ರಿ ಶಾಖ ಮತ್ತು ಸಾಕಷ್ಟು ತೇವ ಬೇಕು. ಮುಚ್ಚಳ ಹಾಕಿ ಅಂಚಿಗೆ ಒದ್ದೆ ಸ್ಪಂಜಿನ ತುಂಡಿಟ್ಟರೆ ಸೊಪ್ಪು ಬೇಗ ಬಾಡುವುದಿಲ್ಲ. ಬೆಳೆದ ಹುಳುವಿಗೆ ಇದೇ ತಟ್ಟೆ ಕಂಟಕವಾಗುತ್ತದೆ. ಕೊನೆಯ ಹಂತದಲ್ಲಿ ಹುಳು 24–25 ಡಿಗ್ರಿಯನ್ನೂ ಧಾರಾಳ ಗಾಳಿಯನ್ನೂ ಕೇಳುತ್ತದೆ, ಆದರೆ ಮುಚ್ಚಳದ ಕಿಂಡಿಗಳು ಅಷ್ಟು ಗಾಳಿಗೆ ಸಾಲುವುದಿಲ್ಲ, ಒಳಮೈಯಲ್ಲಿ ಹನಿಗಳು ನಿಂತು, ಹಿಕ್ಕೆ ಒದ್ದೆಯಾಗಿ, ವಾಸನೆ ಏಳುತ್ತದೆ. ಸಪ್ಪೆರೋಗಕ್ಕೂ ಸುಣ್ಣಕಟ್ಟು ರೋಗಕ್ಕೂ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕಿಲ್ಲ. ಮೂರನೆಯ ಹಂತ ಕಳೆದ ಮೇಲೆ ಮುಚ್ಚಳವನ್ನು ಕಪಾಟಿನಲ್ಲಿಟ್ಟು, ಕಾಗದ ಹಾಸಿದ ಅಗಲವಾದ ರಟ್ಟಿನ ಪೆಟ್ಟಿಗೆಗೆ ಹುಳುಗಳನ್ನು ವರ್ಗಾಯಿಸಿ. ಓಡಿಹೋಗುತ್ತವೆ ಎಂಬ ಭಯ ಬೇಡ. ಸುಮಾರು ಐದು ಸಾವಿರ ವರ್ಷ ಮನುಷ್ಯನ ಕೈಯಲ್ಲಿ ಬೆಳೆದ ಈ ಜೀವಿ ಸೊಪ್ಪನ್ನು ಹುಡುಕಿಕೊಂಡು ದೂರ ಹೋಗುವ ಅಭ್ಯಾಸವನ್ನೇ ಕಳೆದುಕೊಂಡಿದೆ, ಗಿಡದ ಮೇಲೆಯೇ ಬಿಟ್ಟರೂ ಕೊಂಬೆಯನ್ನು ಸರಿಯಾಗಿ ಹಿಡಿದು ನಿಲ್ಲಲಾರದು. ಇರುವೆಗಳಿಂದ ಮಾತ್ರ ಕಾಯಬೇಕು.

ಹಾಸಿಗೆ ಬದಲಿಸುವ ಬಲೆ ಒಳ್ಳೆಯ ಸೇರ್ಪಡೆ. ಬಲೆಯನ್ನು ಹುಳುಗಳ ಮೇಲೆ ಹರಡಿ ಹೊಸ ಸೊಪ್ಪು ಹಾಕಿದರೆ ಅವು ಬಲೆಯ ಕಿಂಡಿಗಳ ಮೂಲಕ ಮೇಲೇರುತ್ತವೆ, ಆಮೇಲೆ ಬಲೆಯನ್ನು ಎತ್ತಿ ಕೆಳಗಿನ ಹಿಕ್ಕೆ ಮತ್ತು ಒಣಸೊಪ್ಪನ್ನು ತೆಗೆಯಬಹುದು. ಇದನ್ನು ಯಾವಾಗ ಮಾಡಬಾರದು ಎಂಬುದೇ ಮುಖ್ಯ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಸಾಕುವವರು ಹೇಳುವಂತೆ ಹುಳು ಜ್ವರಕ್ಕೆ ಕೂತಾಗ ಅದು ತಿನ್ನುವುದನ್ನು ನಿಲ್ಲಿಸಿ, ತಲೆಯನ್ನು ಮೇಲೆತ್ತಿ, ಸುಮಾರು ಒಂದು ಹಗಲು ಒಂದು ರಾತ್ರಿ ಅಲುಗಾಡದೆ ಇರುತ್ತದೆ. ಮೈ ಹೊಳಪೇರಿ ಬಿಗಿಯುತ್ತದೆ, ತಲೆ ಕಿರಿದಾಗಿ ಕಾಣುತ್ತದೆ, ತಲೆಯ ಹಿಂದೆ ಚರ್ಮದಡಿಯಲ್ಲಿ ಹೊಸ ತಲೆ ಕಪ್ಪು ತ್ರಿಕೋನದಂತೆ ಮೂಡುತ್ತದೆ. ಕೂರುವ ಮುನ್ನ ಅದು ತನ್ನ ಕಾಲುಗಳ ಅಡಿಯಲ್ಲಿ ಸಣ್ಣದೊಂದು ರೇಷ್ಮೆಯ ಹಾಸು ನೇಯ್ದು ಹಿಡಿದುಕೊಂಡಿರುತ್ತದೆ. ಹಳೆಯ ಪೊರೆ ಆ ಹಾಸಿಗೆ ಅಂಟಿ ಉಳಿದರೆ ಮಾತ್ರ ಒಳಗಿನ ಹುಳು ಮುಂದಕ್ಕೆ ಜಾರಿ ಹೊರಬರಬಲ್ಲದು. ಈ ಹೊತ್ತಿನಲ್ಲಿ ಅದನ್ನು ಕಿತ್ತು ಬೇರೆಡೆ ಇಟ್ಟರೆ ಪೊರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ‘ಅಲುಗಾಡದ ಹುಳುಗಳನ್ನು ಬೇರ್ಪಡಿಸಿ’ ಎಂಬ ಕೈಪಿಡಿಯ ಸಾಲು ರೋಗದ ಹುಳುಗಳನ್ನು ಕುರಿತದ್ದೇ ಇರಬಹುದು, ಆದರೆ ಮೊದಲ ಸಲ ಸಾಕುವವರು ಅದನ್ನು ಓದಿ ಜ್ವರಕ್ಕೆ ಕೂತ ಆರೋಗ್ಯವಂತ ಹುಳುಗಳನ್ನೇ ಎತ್ತಿ ಎಸೆಯುವ ಸಾಧ್ಯತೆ ಹೆಚ್ಚು. ಬಹುಪಾಲು ಹುಳುಗಳು ಕೂತಾಗ ಸೊಪ್ಪು ನಿಲ್ಲಿಸಿ, ಬಹುಪಾಲು ಎದ್ದ ಮೇಲೆಯೇ ಮತ್ತೆ ಕೊಡಬೇಕು. ಮೊದಲೆದ್ದವುಗಳಿಗೆ ಮರುಗಿ ಸೊಪ್ಪು ಹಾಕಿದರೆ ಹಾಸಿಗೆಯಲ್ಲಿ ದೊಡ್ಡವು ಚಿಕ್ಕವು ಎಂಬ ಎರಡು ಗುಂಪಾಗಿ, ಕೊನೆಯವರೆಗೂ ಸರಿಹೋಗುವುದಿಲ್ಲ.

ರಟ್ಟಿನ ಚಂದ್ರಿಕೆಗೆ ಪೂರ್ಣ ಅಂಕ ಕೊಡಬಹುದು. ಹುಳು ಹಣ್ಣಾದಾಗ ತಿನ್ನುವುದನ್ನು ಬಿಟ್ಟು, ಮೈ ಕುಗ್ಗಿ, ಎದೆಯ ಭಾಗ ಅರೆಪಾರದರ್ಶಕವಾಗಿ ಹಳದಿಗೆ ತಿರುಗಿ, ಮೇಲಕ್ಕೆ ಹತ್ತಲು ಜಾಗ ಹುಡುಕುತ್ತದೆ. ಗೂಡಿಗೆ ತೊಡಗುವ ಮೊದಲು ಹೊಟ್ಟೆಯನ್ನೆಲ್ಲ ಖಾಲಿ ಮಾಡಿ ಕೊನೆಗೆ ಒಂದು ಹನಿ ದ್ರವ ಬಿಡುತ್ತದೆ. ಚಂದ್ರಿಕೆಯ ರಟ್ಟು ಈ ಹನಿಯನ್ನು ಹೀರಿಕೊಳ್ಳುವುದರಿಂದ ಗೂಡಿಗೆ ಕಲೆಯಾಗುವುದಿಲ್ಲ. ಚೌಕಗಳ ಅಳತೆ ಒಂದು ಹುಳುವಿಗೆ ಸರಿಯಾಗಿದೆ, ಎರಡು ಹುಳು ಸೇರಿ ಕಟ್ಟುವ ಜೋಡಿಗೂಡುಗಳು ಆಗುವುದು ವಿರಳ. ಹುಳು ಮೊದಲು ಚೌಕದ ಗೋಡೆಗಳಿಗೆ ಅಡ್ಡಾದಿಡ್ಡಿ ಎಳೆಗಳನ್ನು ಕಟ್ಟಿ ತನ್ನನ್ನು ತೂಗುಹಾಕಿಕೊಳ್ಳುತ್ತದೆ. ಆಮೇಲೆ ಮೈಯನ್ನು ಬಾಗಿಸಿ, ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತ ಒಳಗಿನಿಂದ ಗೋಡೆ ಎಬ್ಬಿಸುತ್ತದೆ. ದೇಹದ ಎರಡೂ ಬದಿಯ ರೇಷ್ಮೆ ಗ್ರಂಥಿಗಳಿಂದ ಬರುವ ಎರಡು ಎಳೆಗಳು ಕೆಳತುಟಿಯ ರಂಧ್ರದಲ್ಲಿ ಒಂದಾಗಿ, ಸೆರಿಸಿನ್ ಎಂಬ ಅಂಟು ಅವನ್ನು ಬೆಸೆಯುತ್ತದೆ. ಹುಳು ದಾರವನ್ನು ಹೊರಕ್ಕೆ ತಳ್ಳುವುದಿಲ್ಲ. ತುದಿಯನ್ನು ಅಂಟಿಸಿ ತಲೆಯನ್ನು ಹಿಂದೆಗೆದಾಗ ಆ ಎಳೆತದಿಂದಲೇ ದಾರ ಹೊರಬಂದು ಗಟ್ಟಿಯಾಗುತ್ತದೆ. ಮೊದಲ ಕೆಲವು ಗಂಟೆ ತೆಳುಗೋಡೆಯ ಮೂಲಕ ಕಪ್ಪುಮೂತಿ ಓಡಾಡುವುದು ಕಾಣುತ್ತದೆ, ಆಮೇಲೆ ಮಸುಕಾಗುತ್ತದೆ, ಆಮೇಲೆ ಏನೂ ಕಾಣುವುದಿಲ್ಲ. ಎರಡು ಮೂರು ದಿನದ ಈ ಕೆಲಸದಲ್ಲಿ ಉತ್ತಮ ತಳಿಯ ಹುಳು 1,000 ಮೀಟರಿಗೂ ಮೀರಿದ ಒಂದೇ ಎಳೆಯನ್ನು ಸುತ್ತಿರುತ್ತದೆ. ಹಳದಿ ಗೂಡು ಕಟ್ಟುವ ತಳಿಗಳಲ್ಲಿ ಆ ಬಣ್ಣ ಕೂಡ ಹುಳುವಿನದಲ್ಲ, ಎಲೆಯ ಕೆರೋಟಿನಾಯ್ಡ್ ಎಂಬ ಬಣ್ಣದ ವಸ್ತುಗಳು ರಕ್ತದ ಮೂಲಕ ಗ್ರಂಥಿಗೆ ಸೇರಿ ನೂಲಿಗೆ ಇಳಿದದ್ದು.

ರಾಟೆಯ ಬಗ್ಗೆ ಎರಡು ಮಾತು. ಅದು ಕೆಲಸ ಮಾಡುತ್ತದೆ. ಗೂಡನ್ನು ಬಿಸಿನೀರಿನಲ್ಲಿ ಹಾಕಿದರೆ ಸೆರಿಸಿನ್ ಸಡಿಲಿಸಿ, ಕುಂಚದ ತುದಿಗೆ ಎಳೆ ಸಿಗುತ್ತದೆ. ಒಂದೇ ಗೂಡಿನ ಎಳೆ ಕಣ್ಣಿಗೆ ಹಿಡಿಯದಷ್ಟು ನವಿರಾದ್ದರಿಂದ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಸುತ್ತಬೇಕು. ಆದರೆ ಹೀಗೆ ಬಿಚ್ಚುವುದು ಪತಂಗ ಹೊರಬರುವ ಮೊದಲೇ ಆಗಬೇಕು, ಆಗ ಒಳಗಿರುವ ಕೋಶ, ಅಂದರೆ ಪತಂಗವಾಗಿ ಮಾರ್ಪಡುತ್ತಿರುವ ಹುಳು, ಸಾಯುತ್ತದೆ. ಕೈಪಿಡಿ ಇದನ್ನು ‘ಗೂಡುಗಳನ್ನು ಸಿದ್ಧಪಡಿಸಿ’ ಎಂಬ ಸವಿಮಾತಿನಲ್ಲಿ ಮುಚ್ಚಿದೆ. ನಾಲ್ಕು ವಾರ ಹುಳುವಿಗೆ ಸೊಪ್ಪು ಹಾಕಿದ ಮಗುವಿಗೆ ವಿಷಯವನ್ನು ನೇರವಾಗಿ ಹೇಳಿ, ಬೇಕೋ ಬೇಡವೋ ಎಂದು ಅದನ್ನೇ ಕೇಳುವುದು ಸರಿಯಾದ ಕ್ರಮ. ಬೇಡವೆಂದರೆ ರಾಟೆ ಪೆಟ್ಟಿಗೆಯಲ್ಲೇ ಇರಲಿ.

ಗೂಡು ಕಟ್ಟಿ ಮುಗಿದ ಮೇಲೆ ಒಂದು ವಾರ ಬಿಟ್ಟು ಒಂದು ಗೂಡನ್ನು ಅಂಚಿನಲ್ಲಿ ಎಚ್ಚರದಿಂದ ಕತ್ತರಿಸಿ ಕೋಶವನ್ನು ಹೊರತೆಗೆದು ನೋಡಬಹುದು, ಅದಕ್ಕೆ ತೊಂದರೆಯಾಗುವುದಿಲ್ಲ. ಹೆಣ್ಣು ಕೋಶ ದಪ್ಪ, ಹೊಟ್ಟೆಯ ಎಂಟನೆಯ ಖಂಡದ ಅಡಿಯಲ್ಲಿ ಗುಣಿಸು ಚಿಹ್ನೆಯಂಥ ಸಣ್ಣ ಗೆರೆ ಇರುತ್ತದೆ. ಗಂಡಿನಲ್ಲಿ ಒಂಬತ್ತನೆಯ ಖಂಡದಲ್ಲಿ ಒಂದು ಚುಕ್ಕೆ. ಕೈಪಿಡಿಯಲ್ಲಿ ಇದರ ಚಿತ್ರ ಅಚ್ಚುಕಟ್ಟಾಗಿ, ಸರಿಯಾಗಿ ಬಂದಿದೆ, ಇಡೀ ಪುಸ್ತಕದಲ್ಲಿ ಎರಡನೆಯ ಸಲ ತೆರೆದು ನೋಡಬೇಕೆನ್ನಿಸುವ ಪುಟ ಇದೊಂದೇ.

ಪತಂಗದ ಅಧ್ಯಾಯ ಮಾತ್ರ ಅತ್ಯಂತ ದುರ್ಬಲ. ‘ಪತಂಗಗಳಿಗೆ ಸಕ್ಕರೆ ನೀರನ್ನು ಇಡಿ, ಆಮೇಲೆ ತೋಟದಲ್ಲಿ ಹಾರಿಬಿಡಿ’ ಎಂದು ಬರೆದಿದ್ದಾರೆ. ಈ ಪತಂಗಕ್ಕೆ ಕುಡಿಯಲು ತಕ್ಕ ಬಾಯಿಯೇ ಬೆಳೆದಿರುವುದಿಲ್ಲ, ಹುಳುವಾಗಿದ್ದಾಗ ತಿಂದ ಸೊಪ್ಪಿನ ಸಾರದಲ್ಲೇ ಅದು ತನ್ನ ಉಳಿದ ಐದಾರು, ಹೆಚ್ಚೆಂದರೆ ಹತ್ತು ದಿನಗಳನ್ನು ಕಳೆಯುತ್ತದೆ. ರೆಕ್ಕೆಗಳಿದ್ದರೂ ಹಾರಲಾರದು. ಇದರ ಕಾಡುಪೂರ್ವಜ ಬಾಂಬಿಕ್ಸ್ ಮ್ಯಾಂಡರಿನಾ ಇಂದಿಗೂ ಹಾರುತ್ತದೆ, ಸಾಕಿದ ಬಾಂಬಿಕ್ಸ್ ಮೋರಿ ಆ ಶಕ್ತಿಯನ್ನು ಬಿಟ್ಟುಕೊಟ್ಟಿದೆ. ತೋಟದಲ್ಲಿ ಬಿಟ್ಟರೆ ಅದು ಇರುವೆಯ ಅಥವಾ ಹಕ್ಕಿಯ ಪಾಲು. ಕಾಗದ ಹಾಸಿದ ಪೆಟ್ಟಿಗೆಯಲ್ಲೇ ಇಟ್ಟು ನೋಡುವುದು ಒಳ್ಳೆಯದು, ನೋಡಲು ಅಲ್ಲಿ ಸಾಕಷ್ಟಿದೆ. ಬಾಯಿಯಿಂದ ಬಿಡುವ ಕಿಣ್ವದ ದ್ರವದಿಂದ ಗೂಡಿನ ತುದಿಯನ್ನು ನೆನೆಸಿ, ತಲೆಯಿಂದ ನೂಕಿ, ಒದ್ದೆಮೈಯಿಂದ ಹೊರಬಂದ ಹೆಣ್ಣು ಕೂತಲ್ಲೇ ಕೂತು ಹೊಟ್ಟೆಯ ತುದಿಯಿಂದ ಹಳದಿ ಛಾಯೆಯ ಎರಡು ಪುಟ್ಟ ಚೀಲಗಳನ್ನು ಹೊರಚಾಚುತ್ತದೆ. ಗಂಡು ಒಡನೆ ರೆಕ್ಕೆ ಬಡಿಯುತ್ತ, ಸುತ್ತು ಹಾಕುತ್ತ ಅದರ ಕಡೆಗೆ ನಡೆಯುತ್ತದೆ. ಈ ಸೆಳೆತದ ಹಿಂದಿರುವ ಬಾಂಬಿಕಾಲ್ ಎಂಬ ವಸ್ತುವನ್ನು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಸುಮಾರು ಐದು ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳಿಂದ ಬೇರ್ಪಡಿಸಿ 1959ರಲ್ಲಿ ಪ್ರಕಟಿಸಿದರು. ಒಂದೇ ಜಾತಿಯ ಜೀವಿಗಳ ನಡುವೆ ಸುಳಿವು ಒಯ್ಯುವ ಇಂಥ ವಸ್ತುವನ್ನು ಫೆರೊಮೋನ್ ಎನ್ನುತ್ತಾರೆ, ರಚನೆ ತಿಳಿದುಬಂದ ಮೊಟ್ಟಮೊದಲ ಕೀಟ ಫೆರೊಮೋನ್ ಅದು. ಒಂದು ಹೆಣ್ಣನ್ನು ಗಾಜಿನ ಲೋಟದಡಿ ಮುಚ್ಚಿದರೆ ಪಕ್ಕದ ಗಂಡು ಸುಮ್ಮನಿರುತ್ತದೆ, ಲೋಟ ಎತ್ತಿದರೆ ಕುಣಿಯುತ್ತದೆ. ಖರ್ಚಿಲ್ಲದ, ಯಾರೂ ಮಾಡಿ ನೋಡಬಹುದಾದ ಈ ಪ್ರಯೋಗಕ್ಕೆ ಕೈಪಿಡಿಯಲ್ಲಿ ಜಾಗ ಸಿಕ್ಕಿಲ್ಲ.

ಇನ್ನು ಕೊಂಡವರನ್ನು ನಿಜವಾಗಿ ಪೇಚಿಗೆ ಸಿಲುಕಿಸುವ ಸಂಗತಿ. ಕೂಡಿದ ಹೆಣ್ಣು ಒಂದು ರಾತ್ರಿಯಲ್ಲಿ ಬಹುಪಾಲು ಮುಗಿಯುವಂತೆ 300ರಿಂದ 500 ಮೊಟ್ಟೆ ಇಡುತ್ತದೆ. ಅದಕ್ಕಾಗಿ ಕಿಟ್ಟಿನಲ್ಲಿ ಖಾಲಿ ಹಾಳೆಗಳನ್ನು ಕೊಟ್ಟಿರುವುದು ಸರಿಯೇ. ಆದರೆ ಆ ಮೊಟ್ಟೆಗಳು ಮುಂದೇನು ಮಾಡುತ್ತವೆ ಎಂಬುದು ತಳಿಯನ್ನು ಅವಲಂಬಿಸಿದೆ. ವರ್ಷಕ್ಕೆ ಹಲವು ಪೀಳಿಗೆ ಕಾಣುವ ತಳಿಯಾದರೆ ಸುಮಾರು ಹತ್ತು ದಿನದಲ್ಲಿ ಮರಿಗಳು ಬರುತ್ತವೆ. ಎರಡೇ ಪೀಳಿಗೆ ಕಾಣುವ ದ್ವಿತಳಿಯಾದರೆ ತಾಯಿ ತಾನು ಮೊಟ್ಟೆಯಾಗಿದ್ದಾಗ ಕಂಡ ಶಾಖ ಮತ್ತು ಬೆಳಕಿಗೆ ತಕ್ಕಂತೆ ನಿದ್ರೆಯ ಮೊಟ್ಟೆಗಳನ್ನು ಇಡಬಹುದು. ಅವು ಎರಡು ಮೂರು ದಿನದಲ್ಲಿ ಹಳದಿಯಿಂದ ಬೂದುನೇರಳೆ ಬಣ್ಣಕ್ಕೆ ತಿರುಗಿ, ತಿಂಗಳುಗಟ್ಟಲೆ ಚಳಿ ಕಂಡಲ್ಲದೆ ಒಡೆಯುವುದಿಲ್ಲ. ಕೊಂಡವರಿಗೆ ಹತ್ತು ದಿನದಲ್ಲಿ ಸಾವಿರಾರು ಬಾಯಿಗಳಿಗೆ ಸೊಪ್ಪು ಹೊಂದಿಸಬೇಕೋ, ಅಥವಾ ಹಾಳೆಯನ್ನು ಫ್ರಿಜ್ಜಿನಲ್ಲಿಟ್ಟು ಮುಂದಿನ ಚಿಗುರಿಗೆ ಕಾಯಬಹುದೋ ಎಂಬುದು ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದವರು ಒಂದು ಜೋಡಿಯನ್ನು ಮಾತ್ರ ಕೂಡಲು ಬಿಟ್ಟು, ಉಳಿದ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಕೂಡದ ಹೆಣ್ಣೂ ಕೆಲವು ಮೊಟ್ಟೆ ಇಡುತ್ತದೆ, ಅವು ಒಡೆಯುವುದಿಲ್ಲ. ಇಷ್ಟೆಲ್ಲ ಗೊಂದಲ ತಪ್ಪಿಸಲು ತಯಾರಕರು ಮೊಟ್ಟೆ ಹಾಳೆಯ ಮೂಲೆಯಲ್ಲಿ ತಳಿಯ ಹೆಸರನ್ನೂ ಅದು ಎಷ್ಟು ಪೀಳಿಗೆಯದು ಎಂಬುದನ್ನೂ ಅಚ್ಚು ಹಾಕಿದರೆ ಸಾಕು. ಸದ್ಯಕ್ಕೆ ಆ ಮೂಲೆಯಲ್ಲಿ ಕಂಪನಿಯ ಚಿಹ್ನೆ ಇದೆ.